ಎಳೆಯ ನಾಯಿಯೂ ಎಳೆಯದ ಹಗ್ಗವೂ

ಸಾಯಂಕಾಲ ಐದು ಗಂಟೆಯಾದ ಮೇಲೆ ಬಾಗಲೂರಿನ ಬೀದಿಯಲ್ಲಿ ನಿಂತು ನೋಡುವವರಿಗೆ ಒಂದು ವಿನೋದವು ದಿನವೂ ದೊರೆಯುವುದು. ಗೃಹಸ್ಥರೊಬ್ಬರು ಹಿಂದಕ್ಕೆ ಬಾಗಿ, ಎರಡು ಕೈಗಳಿಂದಲೂ ಹಗ್ಗವನ್ನು ಹಿಡಿದು, ಚಪ್ಪಲಿಯ ಹಿಮ್ಮಡಿಯನ್ನು ನೆಲಕ್ಕೆ ಊರುತ್ತ ಬರುತ್ತಿರುವರು. ಅವರ ಮುಂದೆ ಎಂಟು ತಿಂಗಳ ನಾಯಿಯೊಂದು ನಾಲಗೆಯನ್ನು ಹೊರಚಾಚಿ, ಏದುಸಿರು ಬಿಡುತ್ತ, ಅವರನ್ನು ಗಾಡಿಯಂತೆ ಎಳೆದುಕೊಂಡು ಹೋಗುತ್ತಿರುವುದು. ಯಾರು ಯಾರನ್ನು ತಿರುಗಾಡಿಸಲು ಹೊರಟಿರುವರೆಂಬ ಸಂಶಯವು ನೋಡುವವರಿಗೆ ಉಂಟಾದರೆ ಆಶ್ಚರ್ಯವಿಲ್ಲ. ನಾವೂ ಕೆಲವು ಕಾಲದ ಹಿಂದೆ ಊರಿನವರಿಗೆ ಇದೇ ವಿನೋದವನ್ನು ಒದಗಿಸಿದವರೇ ಆದುದರಿಂದ ನಗುವ ಅಧಿಕಾರವು ನಮಗಿಲ್ಲ.

ಈ ವಿನೋದವು ಎಲ್ಲ ದಿನವೂ ವಿನೋದವಾಗಿಯೇ ಮುಗಿಯುವುದಿಲ್ಲ. ಯಲಹಂಕಕ್ಕೆ ಈಶಾನ್ಯದಲ್ಲಿರುವ ನಮ್ಮ ಊರು ಹಿಂದೆ ಕೆರೆಯನ್ನೂ ರಾಗಿಯ ಹೊಲಗಳನ್ನೂ ನೆಚ್ಚಿಕೊಂಡಿದ್ದ ಹಳ್ಳಿ. 2008ನೆಯ ಇಸವಿಯಲ್ಲಿ ದೇವನಹಳ್ಳಿಯ ಕಡೆ ವಿಮಾನನಿಲ್ದಾಣವು ತೆರೆದ ಮೇಲೆ ಹೆಣ್ಣೂರಿನಿಂದ ಬಾಗಲೂರಿನ ಮೇಲಾಗಿ ಹೋಗುವ ದಾರಿಯು ಅಲ್ಲಿಗೆ ಹೋಗುವವರ ಬದಲಿ ದಾರಿಯಾಯಿತು. ಇಂದು ತಲೆಯ ಮೇಲೆ ವಿಮಾನ, ಪಕ್ಕದಲ್ಲಿ ಲಾರಿ. ಕಾಲುದಾರಿಯೆಂಬುದು ಒಂದು ಕಡೆ ಉಂಟು, ನಾಲ್ಕು ಕಡೆ ಇಲ್ಲ. ಇಂತಹ ದಾರಿಯಲ್ಲಿ ಇಪ್ಪತ್ತು ಸೇರು ತೂಗುವ ಪ್ರಾಣಿಯೊಂದು ಮನಬಂದ ಕಡೆಗೆ ಜಗ್ಗಿದರೆ ಆಗತಕ್ಕ ಅನಾಹುತವನ್ನು ನಾವು ಕಣ್ಣಾರೆ ಕಂಡೆವು.

ನಮ್ಮ ನಾಯಿಗೆ ಭೈರನೆಂದು ಹೆಸರು. ಅದರ ತಾಯಿಯು ಬೀದಿಯದು. ತಂದೆಯ ಕಡೆಯಿಂದ ಮುಧೋಳದ ರಕ್ತವು ಸ್ವಲ್ಪ ಬಂದಿರಬೇಕೆಂಬುದು ಅದರ ನೀಳವಾದ ಕಾಲುಗಳಿಂದಲೂ ಒಳಸೇರಿದ ಹೊಟ್ಟೆಯಿಂದಲೂ ನಾವು ಮಾಡಿದ ಊಹೆ. ಒಂದು ಬೆಳಗ್ಗೆ ನಮ್ಮ ಅತ್ತಿಗೆಯವರು ಸೊಪ್ಪು ತರಲು ಹೊರಟವರು ಅದನ್ನೂ ಜತೆಗೆ ಕರೆದೊಯ್ದರು. ಹಗ್ಗವು ಜಾರದಿರಲೆಂದು ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ದಾರಿಯ ಆಚೆ ಬೆಕ್ಕೊಂದು ಓಡಿತು, ಭೈರನು ಹಾರಿದನು, ಅತ್ತಿಗೆಯವರು ಬೋರಲಾಗಿ ಬಿದ್ದರು. ಲಾರಿಯವನು ಎರಡು ಮಾರು ದೂರದಲ್ಲಿ ಗಾಡಿಯನ್ನು ನಿಲ್ಲಿಸಿದುದು ನಮ್ಮ ಪುಣ್ಯ. ಮಣಿಕಟ್ಟಿನ ಎಲುಬು ಮುರಿದು ಆರು ವಾರಗಳ ಕಟ್ಟು ಬಿದ್ದಿತು.

ಆ ರಾತ್ರಿ ನಮ್ಮ ಅಣ್ಣನವರು ಊಟದ ಎಲೆಯ ಮುಂದೆ ಕುಳಿತು, "ಬರುವ ಭಾನುವಾರ ಇದನ್ನು ದೂರದ ಯಾವುದಾದರೂ ತೋಟದಲ್ಲಿ ಬಿಟ್ಟು ಬರೋಣ" ಎಂದರು. ಬಿಟ್ಟು ಬರುವುದೆಂದರೆ ಏನೆಂಬುದು ಎಲ್ಲರಿಗೂ ತಿಳಿದಿತ್ತು. ಮನೆಯಲ್ಲಿ ಬೆಳೆದ ನಾಯಿಯು ಪರಸ್ಥಳದ ಬೀದಿನಾಯಿಗಳ ನಡುವೆ ಎಷ್ಟು ದಿನ ಬದುಕೀತು? ಯಾರೂ ಮಾತಾಡಲಿಲ್ಲ. ಕೊನೆಗೆ ಅತ್ತಿಗೆಯವರೇ, "ನನ್ನ ಕೈಕಟ್ಟು ಬಿಚ್ಚುವ ತನಕ ಇರಲಿ ಬಿಡಿ, ಆಮೇಲೆ ನೋಡಿದರಾಯಿತು" ಎಂದರು. ಹೀಗೆ ಭೈರನಿಗೆ ಆರು ವಾರಗಳ ವಾಯಿದೆಯು ಸಿಕ್ಕಿತು. ಆ ಆರು ವಾರಗಳಲ್ಲಿ ನಾವು ಕಲಿತುದನ್ನೂ ತಪ್ಪಿದುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ನಾಯಿಯು ಹಗ್ಗವನ್ನು ಏಕೆ ಎಳೆಯುವುದು? ಹಟಕ್ಕೆಂದೂ ಯಜಮಾನನ ಮೇಲೆ ಅಧಿಕಾರ ನಡೆಸಲೆಂದೂ ಹೇಳುವವರುಂಟು. ನಾವು ಇದನ್ನು ಒಪ್ಪುವುದಿಲ್ಲ. ನಾಯಿಯ ಸಹಜವಾದ ನಡಿಗೆಯು ಮನುಷ್ಯನ ನಡಿಗೆಗಿಂತ ವೇಗವಾದುದು. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ಸರಳವಾದುದು: ಎಳೆದರೆ ಮುಂದೆ ಹೋಗಬಹುದೆಂದು ನಾವೇ ಅದಕ್ಕೆ ಕಲಿಸಿರುತ್ತೇವೆ. ಎತ್ತಿನ ಕೊರಳಿಗೆ ನೊಗವನ್ನಿಟ್ಟು, ಅದಕ್ಕೆ ಒತ್ತುಕೊಟ್ಟು ನಡೆದರೆ ಮಾತ್ರ ಗಾಡಿಯು ಮುಂದೆ ಸರಿಯುವುದೆಂದು ರೈತನು ಕಲಿಸುವುದಿಲ್ಲವೆ? ನಾಯಿಯ ಕೊರಳಪಟ್ಟಿಯೂ ಹಾಗೆಯೇ. ಮರಿಯು ಜಗ್ಗುವುದು, ನಾವು "ಪಾಪ, ಎಳೆಯದು" ಎಂದು ಎರಡು ಹೆಜ್ಜೆ ಹಿಂಬಾಲಿಸುವೆವು, ವಾಸನೆಯ ಕಂಬವು ಅದಕ್ಕೆ ಸಿಕ್ಕುವುದು. ದಿನಕ್ಕೆ ನೂರು ಸಲ ಈ ಪಾಠವಾದ ಮೇಲೆ ನಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಥಾರ್ನ್‌ಡೈಕ್ ಎಂಬ ಪಂಡಿತನು 1898ರಲ್ಲಿ ಬೆಕ್ಕುಗಳನ್ನು ಅಗುಳಿಯ ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿ, ಯಾವ ಕೆಲಸದಿಂದ ಪ್ರಾಣಿಗೆ ಸುಖವು ದೊರೆಯುವುದೋ ಆ ಕೆಲಸವು ಮತ್ತೆ ಮತ್ತೆ ನಡೆಯುವುದೆಂಬುದನ್ನು ತೋರಿಸಿದನು. ನಮ್ಮ ಬೀದಿಯ ಕಂಬಗಳೂ ಅದನ್ನೇ ತೋರಿಸುತ್ತಿವೆ.

ಭೈರನ ವಿಷಯದಲ್ಲಿ ಮತ್ತೊಂದು ಕಾರಣವೂ ಇತ್ತು. ಮುಧೋಳದ ನಾಯಿಯು ಕಣ್ಣಿನಿಂದ ಬೇಟೆಯಾಡುವ ಜಾತಿಯದು. ದೂರದಲ್ಲಿ ಏನಾದರೂ ಓಡಿತೆಂದರೆ ಅದರ ದೇಹವೆಲ್ಲ ಬಾಣವಾಗುವುದು. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರವನ್ನು ಭಾರತದ ಅಂಚೆ ಇಲಾಖೆಯು 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಿತು. 2016ರಲ್ಲಿ ಸೇನೆಯವರು ಇದರ ಮರಿಗಳನ್ನು ಮೀರತ್ತಿಗೆ ಕೊಂಡೊಯ್ದು ಶಿಕ್ಷಣಕೊಟ್ಟರು. ಬೇಟೆನಾಯಿಯ ಮೇಲೆ ಕನ್ನಡಿಗರಿಗಿರುವ ಅಭಿಮಾನವು ಹೊಸದೇನೂ ಅಲ್ಲ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನೆಂಬ ವೀರನು, ಬೇಕಾದುದನ್ನು ಕೇಳೆಂದಾಗ, ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿಯು ಮುಂದೆ ದೊಡ್ಡ ಹಂದಿಯೊಂದರೊಡನೆ ಕಾದಿ, ಎರಡೂ ಒಟ್ಟಿಗೆ ಸತ್ತುವು. ಅದರ ನೆನಪಿಗಾಗಿ ಆತಕೂರಿನಲ್ಲಿ ನಿಲ್ಲಿಸಿದ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ಕಾಳಿಗೆ ಓಡಲು ಬೆಟ್ಟವಿತ್ತು. ಭೈರನಿಗೆ ಇರುವುದು ಲಾರಿಯ ದಾರಿ.

ಇನ್ನು ಸಲಕರಣೆಯ ಮಾತು. ಆರು ಅಡಿಗಳಷ್ಟು ಉದ್ದದ, ಕೈಗೆ ಒರಟಾಗದ ಚಪ್ಪಟೆಯ ಹಗ್ಗವೊಂದು ಸಾಕು. ಸರಪಣಿಯು ಬೇಡ, ಅದು ಕೈಯನ್ನು ಕೊಯ್ಯುವುದಲ್ಲದೆ ಅದರ ಭಾರದಿಂದ ಬಿಗಿಯಾವುದು ಸಡಿಲವಾವುದು ಎಂಬುದು ನಾಯಿಗೆ ತಿಳಿಯದು. ಎಳೆದಾಗ ಉದ್ದವಾಗುತ್ತ ಹೋಗುವ ಸುರುಳಿಯ ಹಗ್ಗವಂತೂ ಎಳೆಯುವುದನ್ನು ಕಲಿಸುವ ಯಂತ್ರವೇ ಸರಿ. ಕೊರಳಪಟ್ಟಿಯೊಳಗೆ ಎರಡು ಬೆರಳುಗಳು ಸಲೀಸಾಗಿ ಹೋಗಬೇಕು. ಎಳೆಯುವ ಚಟವು ಆಗಲೇ ಬಲಿತಿದ್ದರೆ ಪಟ್ಟಿಗೆ ಬದಲಾಗಿ ಎದೆಗೆ ಹಾಕುವ ಹಾರ್ನೆಸ್ಸನ್ನು ಕೊಳ್ಳುವುದು ಮೇಲು. ಅದರಲ್ಲಿಯೂ ಎದೆಯ ಮುಂಭಾಗದಲ್ಲಿ ಬಳೆಯಿರುವಂತಹುದಾದರೆ, ನಾಯಿಯು ಜಗ್ಗಿದಾಗ ಮುಂದೆ ಹೋಗದೆ ಪಕ್ಕಕ್ಕೆ ತಿರುಗಿಬಿಡುವುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿರಿ. ಹಿಡಿಕೆಯ ಕುಣಿಕೆಯಲ್ಲಿ ಹೆಬ್ಬೆರಳನ್ನು ತೂರಿಸಿ, ಮುಷ್ಟಿಯನ್ನು ಮುಚ್ಚಿ ಹಿಡಿದರೆ ಬೇಕಾದಾಗ ಬಿಡಬಹುದು. ಇಷ್ಟು ತಿಳಿದಿದ್ದರೆ ಅತ್ತಿಗೆಯವರ ಎಲುಬು ಉಳಿಯುತ್ತಿತ್ತು.

ನಮ್ಮ ಪಜೀತಿಯನ್ನು ಕಂಡ ಹಿರಿಯರೊಬ್ಬರು ಕೊರಳನ್ನು ಬಿಗಿಯುವ ಸರಪಣಿಯೊಂದನ್ನು ತಂದುಕೊಟ್ಟರು. ಥಟ್ಟನೆ ಹಿಂದಕ್ಕೆ ಜಗ್ಗಿದರೆ ನಾಲ್ಕು ದಿನದಲ್ಲಿ ದಾರಿಗೆ ಬರುವುದೆಂದು ಅವರ ಭರವಸೆ. ಇದು ಹಳೆಯ ಪೋಲೀಸು ಮತ್ತು ಸೇನೆಯ ಪದ್ಧತಿ. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬಾತನು 1910ರಲ್ಲಿಯೇ ಈ ಬಗೆಯ ಬಲವಂತದ ಶಿಕ್ಷಣವನ್ನು ಪುಸ್ತಕವಾಗಿ ಬರೆದಿದ್ದನು. ಅದರಿಂದ ಎಳೆತವು ನಿಲ್ಲುವುದಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಉಸಿರುನಾಳಕ್ಕೆ ಪೆಟ್ಟು, ಕಣ್ಣಿನೊಳಗಣ ಒತ್ತಡ, ಎಲ್ಲಕ್ಕಿಂತ ಮಿಗಿಲಾಗಿ ಭಯ, ಇವು ಅದರ ಬೆಲೆ. ದಾರಿಯಲ್ಲಿ ಮಗುವನ್ನು ಕಂಡಾಗಲೆಲ್ಲ ಕೊರಳು ನೊಂದರೆ ನಾಯಿಯು ಮಗುವನ್ನೇ ದ್ವೇಷಿಸಲು ಕಲಿಯಬಹುದು. ಪ್ರಾಣಿಗಳ ವರ್ತನೆಯನ್ನು ಅಭ್ಯಾಸಮಾಡಿದ ಅಮೆರಿಕದ ಪಶುವೈದ್ಯರ ಸಂಘವೂ 2021ರಲ್ಲಿ ಎಲ್ಲ ಬಗೆಯ ಶಿಕ್ಷಣಕ್ಕೂ ಬಹುಮಾನದ ಮಾರ್ಗವನ್ನೇ ಬಳಸಬೇಕೆಂದು ಸಾರಿದೆ. ಹಿರಿಯರ ಸರಪಣಿಯನ್ನು ವಂದನೆಗಳೊಡನೆ ಗೂಟಕ್ಕೆ ತೂಗುಹಾಕಿದೆವು.

ಪಾಠವನ್ನು ಬೀದಿಯಲ್ಲಿ ಆರಂಭಿಸದೆ ಹಿತ್ತಲಿನಲ್ಲಿ ಆರಂಭಿಸಿದೆವು. ಊಟಕ್ಕೆ ಮುಂಚೆ, ಹಸಿವಿರುವಾಗ, ಹತ್ತು ನಿಮಿಷ. ಭೈರನು ನಮ್ಮ ಎಡತೊಡೆಯ ಪಕ್ಕಕ್ಕೆ ಬಂದು ಹಗ್ಗವು ಸಡಿಲವಾಗಿ ಜೋತುಬಿದ್ದ ಕ್ಷಣದಲ್ಲಿಯೇ "ಸೈ" ಎಂದು ಹೇಳಿ, ತೊಡೆಯ ಪಕ್ಕದಲ್ಲಿಯೇ ಒಂದು ಚೂರು ತಿನಿಸನ್ನು ಕೊಡುವುದು. ಕ್ಷಣವು ಕಳೆದ ಮೇಲೆ ಕೊಟ್ಟರೆ ಯಾವುದಕ್ಕೆ ಕೊಟ್ಟರೆಂಬುದು ಅದಕ್ಕೆ ತಿಳಿಯದು. ಮುಂದೆ ಚಾಚಿ ಕೊಟ್ಟರೆ ಮುಂದೆ ಬರುವುದನ್ನೇ ಕಲಿಯುವುದು. ಮೊದಲು ಒಂದು ಹೆಜ್ಜೆಗೆ ಒಂದು ಚೂರು, ಆಮೇಲೆ ಮೂರಕ್ಕೆ, ಆಮೇಲೆ ಹತ್ತಕ್ಕೆ. ತಿನಿಸೆಂದರೆ ಕಡಲೆಕಾಳಿನಷ್ಟು ಸಾಕು. ದಿನವೂ ತಿನ್ನುವ ರಾಗಿಮುದ್ದೆಯ ಚೂರಿಗೆ ಭೈರನು ನಮ್ಮನ್ನು ತಿರುಗಿಯೂ ನೋಡಲಿಲ್ಲ. ಬೇಯಿಸಿದ ಮೊಟ್ಟೆಗೆ ಕಣ್ಣರಳಿಸಿದನು. ಮೊಟ್ಟೆಮಾಂಸಗಳು ಬರದ ಮನೆಗಳಲ್ಲಿ ಪನೀರು, ಬೇಯಿಸಿದ ಗೆಣಸು, ಗಜ್ಜರಿ ಇವುಗಳಿಂದಲೂ ಕೆಲಸವಾಗುವುದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟುಗಳನ್ನು ಮಾತ್ರ ನಾಯಿಗೆ ಎಂದಿಗೂ ಕೊಡಕೂಡದು. ಅವು ಅದಕ್ಕೆ ವಿಷ.

ಎರಡನೆಯ ವಾರ ಬೀದಿಗೆ ಇಳಿದೆವು. ಇಲ್ಲಿ ನಿಯಮವು ಒಂದೇ: ಹಗ್ಗವು ಬಿಗಿಯಾದೊಡನೆ ಮರದಂತೆ ನಿಲ್ಲುವುದು. ಹಿಂದಕ್ಕೆ ಜಗ್ಗುವುದಿಲ್ಲ, ಬೈಯುವುದಿಲ್ಲ, ಮುಂದೆ ಹೆಜ್ಜೆಯನ್ನೂ ಇಡುವುದಿಲ್ಲ. ನಾಯಿಯು ಬೇಸತ್ತು ಹಿಂದಿರುಗಿ ನೋಡುವುದು, ಹಗ್ಗವು ಸಡಿಲವಾಗುವುದು, ಆಗ "ಸೈ" ಎಂದು ಹೊರಡುವುದು. ಮೊದಲ ದಿನ ನಮ್ಮ ಗೇಟಿನಿಂದ ಮೂಲೆಯ ಅಂಗಡಿಗೆ, ಅಂದರೆ ನೂರು ಹೆಜ್ಜೆಗೆ, ಇಪ್ಪತ್ತೈದು ನಿಮಿಷಗಳು ಹಿಡಿದುವು. ಅಂಗಡಿಯವನು ನಮಗೆ ಮೈಯಲ್ಲಿ ಸರಿಯಿಲ್ಲವೋ ಎಂದು ವಿಚಾರಿಸಿದನು. ನಿಂತು ನಿಂತು ಸಾಕಾದಾಗ ಬಂದ ದಾರಿಗೇ ತಿರುಗಿ ನಡೆಯುವುದೂ ಒಳ್ಳೆಯ ಉಪಾಯ.

ವಾಸನೆ ನೋಡುವುದನ್ನು ತಡೆಯಬೇಡಿರಿ. ನಾವು ವೃತ್ತಪತ್ರಿಕೆಯನ್ನು ಓದುವಂತೆ ನಾಯಿಯು ಕಂಬವನ್ನು ಓದುವುದು. ಹಗ್ಗವನ್ನು ಸಡಿಲವಾಗಿಟ್ಟು ಇಪ್ಪತ್ತು ಹೆಜ್ಜೆ ನಡೆದರೆ "ಹೋಗು, ನೋಡು" ಎಂದು ಕಂಬಕ್ಕೆ ಬಿಡುವುದು ಮೊಟ್ಟೆಯ ಚೂರಿಗಿಂತಲೂ ದೊಡ್ಡ ಬಹುಮಾನವೆಂದು ನಾವು ಕಂಡುಕೊಂಡೆವು.

ಮೂರನೆಯ ವಾರದಲ್ಲಿ ಎಲ್ಲವೂ ಕೆಟ್ಟಿತು. ಬೆಳಗ್ಗೆ ಸಾಧುವಾಗಿ ನಡೆಯುತ್ತಿದ್ದ ಭೈರನು ದಿನದಿನಕ್ಕೆ ಮೊದಲಿಗಿಂತಲೂ ಹೆಚ್ಚಾಗಿ ಎಳೆಯತೊಡಗಿದನು. ಅಣ್ಣನವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಗೋಡೆಯ ಪಂಚಾಂಗವನ್ನು ನೋಡಿದರು. ಕಾರಣವು ಹೊರಬಿದ್ದುದು ಅಕಸ್ಮಾತ್ತಾಗಿ. ನಾವು ಮನೆಯಲ್ಲಿಲ್ಲದ ಸಂಜೆಗಳಲ್ಲಿ ಅಣ್ಣನವರ ಚಿಕ್ಕ ಮಗನು ಅದನ್ನು ಕೆರೆಯ ಕಡೆಗೆ ಕೊಂಡೊಯ್ದು, ಹಗ್ಗವನ್ನು ಹಿಡಿದು ಅದರ ಹಿಂದೆ ಓಡುತ್ತಿದ್ದನು. ನಾಯಿಯು ಎಳೆದಷ್ಟೂ ಅವನಿಗೆ ಆನಂದ. ಹತ್ತರಲ್ಲಿ ಒಂದು ಸಲ ಫಲಿಸಿದರೂ ಚಟವು ಬಿಡುವುದಿಲ್ಲ; ಯಾವಾಗಲೂ ಫಲಿಸುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಫಲಿಸುವ ಕೆಲಸವೇ ಹೆಚ್ಚು ಭದ್ರವಾಗಿ ಬೇರೂರುವುದೆಂಬುದನ್ನು ಸ್ಕಿನ್ನರ್ ಎಂಬ ವಿದ್ವಾಂಸನು ಪ್ರಯೋಗದಿಂದ ತೋರಿಸಿದ್ದಾನೆ. ಜೂಜುಗಾರನ ಚಟವೂ ಇದೇ ಜಾತಿಯದು. ಮನೆಯಲ್ಲಿ ಹಗ್ಗವನ್ನು ಹಿಡಿಯುವವರೆಲ್ಲರೂ, ಮಗುವಿನಿಂದ ಮೊದಲ್ಗೊಂಡು ಕಾವಲಿನವನವರೆಗೆ, ಒಂದೇ ನಿಯಮವನ್ನು ಪಾಲಿಸದಿದ್ದರೆ ಪಾಠವು ನೀರಿನಲ್ಲಿ ಹೋಮ. ಆ ಹುಡುಗನನ್ನು ಗದರಿಸುವುದಕ್ಕೆ ಬದಲಾಗಿ ಅವನನ್ನೇ ಮಾಸ್ತರನನ್ನಾಗಿ ಮಾಡಿದೆವು. ಅವನು ನಮಗಿಂತ ಕಟ್ಟುನಿಟ್ಟಾದ ಮಾಸ್ತರನಾದನು.

ಬಾಗಲೂರಿನಲ್ಲಿ ಹಗ್ಗದ ಪಾಠಕ್ಕೆ ಬೀದಿನಾಯಿಗಳ ಪರೀಕ್ಷೆಯೂ ಉಂಟು. ಅವನ್ನು ಓಡಿಸಿಬಿಡಿರೆನ್ನುವವರಿಗೆ ಒಂದು ಮಾತು: ಬೀದಿನಾಯಿಗಳಿಗೆ ಸಂತಾನಹರಣದ ಚಿಕಿತ್ಸೆಯನ್ನೂ ಹುಚ್ಚಿನ ಚುಚ್ಚುಮದ್ದನ್ನೂ ಮಾಡಿಸಿ ನೋಡಿಕೊಳ್ಳುವ ಬಗೆಗೆ 2001ರಲ್ಲಿಯೂ ಮತ್ತೆ 2023ರಲ್ಲಿಯೂ ಕೇಂದ್ರ ಸರಕಾರವು ನಿಯಮಗಳನ್ನು ಮಾಡಿದೆ. ಅವು ಎದುರಾದಾಗ ಹಗ್ಗವನ್ನು ಬಿಗಿಯಾಗಿ ಎಳೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಬಿಗಿದ ಹಗ್ಗವು ನಮ್ಮ ಭಯವನ್ನು ನಾಯಿಗೆ ತಿಳಿಸುವುದು. ದೂರದಲ್ಲಿ ಕಂಡಾಗಲೇ ದಾರಿಯನ್ನು ಬದಲಿಸಿ, ನಾವು ನಡುವೆ ಇರುವಂತೆ, ಓಡದೆ ನಡೆದುಹೋಗುವುದು ಲೇಸು. ಮೂರು ತಿಂಗಳು ತುಂಬಿದ ಮರಿಗೆ ಹುಚ್ಚಿನ ಚುಚ್ಚುಮದ್ದು ಆಗಿರಲೇಬೇಕು. ಯಾರಿಗಾದರೂ ನಾಯಿಯ ಹಲ್ಲು ತಗಲಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯವನ್ನು ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಹಗ್ಗ ಬಿಗಿದಾಗ ಕೆಮ್ಮುವ, ಇಲ್ಲವೆ ನಡೆಯಲು ಒಲ್ಲೆನೆನ್ನುವ ನಾಯಿಗೆ ಪಾಠವಲ್ಲ, ವೈದ್ಯನು ಬೇಕು. 1958ರಿಂದ ನಡೆದುಬಂದ ಹೆಬ್ಬಾಳದ ಪಶುವೈದ್ಯ ಕಾಲೇಜು ನಮ್ಮ ಭಾಗದವರಿಗೆ ದೂರವೇನಲ್ಲ. ಬೇಸಗೆಯ ಮಧ್ಯಾಹ್ನ ಡಾಂಬರಿನ ಮೇಲೆ ನಡೆಸಬೇಡಿರಿ. ನಿಮ್ಮ ಅಂಗೈಯ ಹಿಂಬದಿಯನ್ನು ನೆಲದ ಮೇಲಿಟ್ಟು ಏಳು ಎಣಿಸಲಾಗದಿದ್ದರೆ ಅದರ ಪಾದವೂ ಸುಡುವುದು.

ಐದನೆಯ ವಾರದ ಹೊತ್ತಿಗೆ ಮೂಲೆಯ ಅಂಗಡಿಗೆ ನಾಲ್ಕು ನಿಮಿಷ ಸಾಕಾಯಿತು. ಬೆಕ್ಕು ಮಾತ್ರ ಉಳಿದಿತ್ತು. ಬೆಕ್ಕು ಮಲಗುವ ಗೋಡೆಗೆ ಐವತ್ತು ಹೆಜ್ಜೆ ದೂರದಲ್ಲಿ ನಿಂತು, ಭೈರನು ಅದನ್ನು ನೋಡಿ ಮತ್ತೆ ನಮ್ಮನ್ನು ನೋಡಿದಾಗಲೆಲ್ಲ ಮೊಟ್ಟೆಯನ್ನು ಕೊಡುತ್ತ, ದಿನಕ್ಕೆ ಎರಡು ಮೂರು ಹೆಜ್ಜೆ ಹತ್ತಿರವಾಗುತ್ತ ಬಂದೆವು. ಹತ್ತು ಹೆಜ್ಜೆಗಿಂತ ಹತ್ತಿರಕ್ಕೆ ನಾವು ಹೋಗಲಾಗಲಿಲ್ಲ. ಇಂದಿಗೂ ಆ ಗೋಡೆಯನ್ನು ದಾಟುವಾಗ ದಾರಿಯ ಈಚೆ ಬದಿಯಲ್ಲಿಯೇ ನಡೆಯುತ್ತೇವೆ.

ಕಟ್ಟು ಬಿಚ್ಚಿಸಿಕೊಂಡು ಬಂದ ಮರುದಿನ ಅತ್ತಿಗೆಯವರು ಸೊಪ್ಪಿನ ಚೀಲವನ್ನು ತೆಗೆದುಕೊಂಡು, ಬಾಗಿಲ ಹಿಂದಿನ ಹಗ್ಗಕ್ಕೆ ತಾವೇ ಎಡಗೈಯನ್ನು ಚಾಚಿದರು. ಅಣ್ಣನವರು ಬೇಡವೆಂದರು, ಅವರು ಕೇಳಲಿಲ್ಲ. ನಾವು ಇಪ್ಪತ್ತು ಹೆಜ್ಜೆ ಹಿಂದೆ, ಅವರಿಗೆ ತಿಳಿಯದಂತೆ ಹೊರಟೆವು. ನಮ್ಮ ಹಿಂದೆ ಅಣ್ಣನವರೂ ಬರುತ್ತಿದ್ದರು. ಬೆಕ್ಕು ಗೋಡೆಯ ಮೇಲೆಯೇ ಇತ್ತು. ಭೈರನು ನಿಂತನು, ಕಿವಿಯನ್ನು ನೆಟ್ಟಗೆ ಮಾಡಿದನು, ಮೈಯೆಲ್ಲ ಒಂದು ಸಲ ನಡುಗಿತು. ಅತ್ತಿಗೆಯವರೂ ನಿಂತರು. ಆಮೇಲೆ ಅದು ತಲೆಯೆತ್ತಿ ಅವರ ಮುಖವನ್ನು ನೋಡಿತು. "ಸೈ" ಎಂದರು. ಹಗ್ಗವು ಜೋತಾಡುತ್ತ ಇಬ್ಬರೂ ಸೊಪ್ಪಿನವಳ ಕಡೆಗೆ ನಡೆದರು. ಅಣ್ಣನವರು ಅರ್ಧದಾರಿಯಿಂದಲೇ ಹಿಂದಿರುಗಿ ಹೋಗಿ ಒಲೆಯ ಮೇಲೆ ಎರಡು ಮೊಟ್ಟೆಗಳನ್ನು ಬೇಯಲಿಟ್ಟರು.