ಲ್ಯಾಪ್‌ಟಾಪ್ ಪ್ರೊಸೆಸರುಗಳ ಹೆಸರೂ ಬಲವೂ

ಐ7 ಪ್ರೊಸೆಸರು ಐ5ಕ್ಕಿಂತ ಬಲವಾದುದೆಂಬ ಸಾಮಾನ್ಯ ತಿಳಿವಳಿಕೆ ಎಲ್ಲೆಡೆಯೂ ಸಲ್ಲತಕ್ಕದ್ದಲ್ಲ. ಇಂಟೆಲ್ ಸಂಸ್ಥೆಯು 2017ರಲ್ಲಿ ಹೊರತಂದ ಐ7-8550ಯು, 2018ರ ಐ5-8300ಎಚ್ ಇವೆರಡರಲ್ಲಿಯೂ ಕೋರ್‌ಗಳು ನಾಲ್ಕೇ. ಗರಿಷ್ಠ ವೇಗವೂ 4 ಗಿಗಾಹರ್ಟ್ಸ್. ಆದರೆ ಮೊದಲನೆಯದಕ್ಕೆ ಗೊತ್ತುಮಾಡಿದ ವಿದ್ಯುತ್ತಿನ ಮಿತಿ 15 ವಾಟ್, ಎರಡನೆಯದಕ್ಕೆ 45. ಈ ಭೇದವನ್ನು ತಿಳಿಸುವುದು ಕೊನೆಯ ಅಕ್ಷರವೇ ಹೊರತು ಮೊದಲ ಅಂಕೆಯಲ್ಲ. ವ್ಯಯವಾದ ವಿದ್ಯುತ್ತು ಶಾಖವಾಗಿ ಪರಿಣಮಿಸುವುದಷ್ಟೆ. ಆದಕಾರಣ ತೆಳುವಾದ ಯಂತ್ರಗಳಿಗೆಂದು ರಚಿತವಾದ ‘ಯು’ ವರ್ಗದ ಪ್ರೊಸೆಸರು ಅಲ್ಪಕಾಲ ಪೂರ್ಣವೇಗದಿಂದ ದುಡಿದು, ಬಳಿಕ ತನ್ನ ಮಿತಿಗೆ ಇಳಿಯುತ್ತದೆ. ಪ್ರಬಂಧ ಬರೆಯುವವರಿಗೆ ಇದರಿಂದ ಬಾಧಕವಿಲ್ಲ; ಬ್ಯಾಟರಿ ಹೆಚ್ಚು ಹೊತ್ತು ಬರುವುದು ಲಾಭವೇ ಸರಿ. ಗಂಟೆಗಟ್ಟಲೆ ಗಣನೆ ನಡೆಸಬೇಕಾದ ಸಂಶೋಧನ ವಿದ್ಯಾರ್ಥಿಯಾದರೋ, ಐ7 ಎಂಬ ಹೆಸರಿಗೆ ಹೆಚ್ಚು ಬೆಲೆ ತೆತ್ತು ಕಡಿಮೆ ಕೆಲಸವನ್ನು ಪಡೆದಾನು. 2023ರಲ್ಲಿ ‘ಐ’ ಹೋಗಿ ‘ಅಲ್ಟ್ರಾ’ ಎಂಬ ಹೆಸರು ಬಂದಿತಾದರೂ ‘ಯು’, ‘ಎಚ್’ ಅಕ್ಷರಗಳು ಹಾಗೆಯೇ ಉಳಿದುಕೊಂಡವು.