ಟೈ ಗಂಟಿನ ಗುಟ್ಟು

ಸಂದರ್ಶನದ ಬೆಳಿಗ್ಗೆ ಕೆಲವು ಉದ್ಯೋಗಾಕಾಂಕ್ಷಿಗಳಿಗೆ ಪ್ರಶ್ನೆಗಳಿಗಿಂತ ಹೆಚ್ಚು ಬೆವರಿಳಿಸುವುದು ಟೈ. ಶಾಲೆಯಲ್ಲಿ ವರ್ಷಗಟ್ಟಲೆ ಟೈ ತೊಟ್ಟವರಿಗೂ ಗಂಟು ಹಾಕಲು ಬಾರದಿರುವುದುಂಟು. ಏಕೆಂದರೆ ಅಲ್ಲಿ ಸಿಗುತ್ತಿದ್ದುದು ಮೊದಲೇ ಗಂಟು ಬಿಗಿದು ಎಲಾಸ್ಟಿಕ್ ಪಟ್ಟಿ ಹೊಲಿದ ಟೈ.

ಟೈಯ ಮೂಲ ಇರುವುದು ರಣರಂಗದಲ್ಲಿ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಿದ ಕ್ರೊಯೇಷಿಯಾದ ಬಾಡಿಗೆ ಸೈನಿಕರು ಕೊರಳಿಗೆ ವಸ್ತ್ರ ಕಟ್ಟುತ್ತಿದ್ದರು. ಅದು ಫ್ರೆಂಚರ ಮನಸೆಳೆಯಿತು. ಅವರು ಅದಕ್ಕಿಟ್ಟ 'ಕ್ರವಾತ್' ಎಂಬ ಹೆಸರೂ ಆ ಸೈನಿಕರ ಜನಾಂಗದ ಹೆಸರಿನಿಂದಲೇ ಬಂದುದು. ಈಗಿನ ಉದ್ದನೆಯ ಟೈ ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ. ಇಂದಿಗೂ ಬಳಕೆಯಲ್ಲಿರುವ ಸರಳ ಗಂಟು 'ಫೋರ್ ಇನ್ ಹ್ಯಾಂಡ್' ಕೂಡ ಆ ಕಾಲದ್ದೇ. ನಾಲ್ಕು ಕುದುರೆಗಳ ಲಗಾಮನ್ನು ಒಬ್ಬನೇ ಹಿಡಿದು ನಡೆಸುವ ಸಾರೋಟಿನ ಹೆಸರು ಅದು.

ಆದರೆ ಹೆಚ್ಚು ಖ್ಯಾತಿ ಪಡೆದುದು ದಪ್ಪನೆಯ, ತ್ರಿಕೋನಾಕಾರದ 'ವಿಂಡ್ಸರ್' ಗಂಟು. 1936ರಲ್ಲಿ ಸಿಂಹಾಸನ ತ್ಯಜಿಸಿ ವಿಂಡ್ಸರ್ ಡ್ಯೂಕ್ ಎನಿಸಿದ ಎಂಟನೇ ಎಡ್ವರ್ಡ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಸೋಜಿಗವೆಂದರೆ, ಆ ಗಂಟಿಗೆ ತಾವು ಕಾರಣರಲ್ಲವೆಂದು ಡ್ಯೂಕ್ 1960ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಅವರು ಹಾಕುತ್ತಿದ್ದುದು ಸರಳ ಗಂಟನ್ನೇ. ಟೈಯ ಒಳಗೆ ಹೆಚ್ಚುವರಿ ಬಟ್ಟೆ ಸೇರಿಸಿ ಹೊಲಿಸುತ್ತಿದ್ದುದರಿಂದ ಗಂಟು ದಪ್ಪವಾಗಿ ಕಾಣುತ್ತಿತ್ತು.

ಗಂಟಿನ ಆಯ್ಕೆಯ ಗುಟ್ಟು ಇರುವುದು ಇಲ್ಲಿಯೇ. ಬಟ್ಟೆ ದಪ್ಪವಿದ್ದರೆ ಸುತ್ತು ಕಡಿಮೆ ಸಾಕು. ಉಣ್ಣೆಯ ಟೈಗೆ, ತುದಿಗಳು ಹತ್ತಿರವಿರುವ ಕಾಲರಿಗೆ ಸರಳ ಗಂಟು ಒಪ್ಪುತ್ತದೆ. ತೆಳು ರೇಷ್ಮೆಯ ಟೈ, ಅಗಲವಾಗಿ ತೆರೆದ ಕಾಲರ್ ಇದ್ದರೆ ವಿಂಡ್ಸರ್ ಹೊಂದುತ್ತದೆ. ಇವೆರಡರ ನಡುವಿನದು ಅರೆ ವಿಂಡ್ಸರ್.

ಸರಳ ಗಂಟು ಹಾಕುವುದು ಹೀಗೆ: ಅಗಲ ತುದಿಯನ್ನು ಕಿರಿದಾದ ತುದಿಗಿಂತ ಸುಮಾರು ಒಂದು ಅಡಿ ಕೆಳಗೆ ಇಳಿಬಿಡಬೇಕು. ಅಗಲ ತುದಿಯನ್ನು ಕಿರಿದರ ಮೇಲೆ ದಾಟಿಸಿ, ಹಿಂದಿನಿಂದ ತಂದು, ಮತ್ತೊಮ್ಮೆ ಮುಂದೆ ಅಡ್ಡ ಹಾಯಿಸಬೇಕು. ಬಳಿಕ ಅದನ್ನು ಕೊರಳ ಸುತ್ತಿನೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಗಂಟಿನ ಮುಂಭಾಗದ ಅಡ್ಡ ಸುತ್ತಿನೊಳಗೆ ಇಳಿಸಬೇಕು. ಕಿರಿದಾದ ತುದಿಯನ್ನು ಹಿಡಿದು ಗಂಟನ್ನು ಮೇಲಕ್ಕೆ ಸರಿಸಿದರೆ ಮುಗಿಯಿತು. ಟೈಯ ತುದಿ ಬೆಲ್ಟಿನ ಬಕಲಿಗೆ ತಾಗುವಂತಿರಬೇಕು. ಉದ್ದ ಹೆಚ್ಚುಕಡಿಮೆಯಾದರೆ ಬಿಚ್ಚಿ, ಅಗಲ ತುದಿಯನ್ನು ತುಸು ಏರಿಳಿಸಿ ಮತ್ತೆ ಕಟ್ಟಬೇಕು.

ಇಷ್ಟು ಸಾಲದೆನ್ನುವವರಿಗೆ ಗಣಿತದ ಲೆಕ್ಕವೂ ಇದೆ. ಕೇಂಬ್ರಿಜ್‌ನ ಭೌತವಿಜ್ಞಾನಿಗಳಾದ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಸಾಮಾನ್ಯ ಟೈಯಿಂದ 85 ಬಗೆಯ ಗಂಟು ಹಾಕಬಹುದೆಂದು ತೋರಿಸಿದರು. ಅವುಗಳಲ್ಲಿ ವ್ಯಾಪಕ ಬಳಕೆಯಲ್ಲಿದ್ದುದು ನಾಲ್ಕು ಮಾತ್ರ.

ಯಾವ ಗಂಟಾದರೂ ಅತಿಯಾಗಿ ಬಿಗಿಯುವುದು ಸಲ್ಲದು. ಬಿಗಿಯಾದ ಟೈ ಕತ್ತಿನ ರಕ್ತನಾಳಗಳನ್ನು ಒತ್ತಿ ಕಣ್ಣಿನೊಳಗಿನ ಒತ್ತಡವನ್ನು ಹೆಚ್ಚಿಸಬಲ್ಲದೆಂದು 2003ರಲ್ಲಿ ಬ್ರಿಟನ್ನಿನ ನೇತ್ರವಿಜ್ಞಾನ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಗ್ಲಾಕೋಮಾ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಕಾಲರಿನೊಳಗೆ ಬೆರಳು ಸಲೀಸಾಗಿ ತೂರುವಂತಿದ್ದರೆ ಕೊರಳಿಗೆ ಹಿತ, ಸಂದರ್ಶನದಲ್ಲಿ ಮಾತಿಗೂ ಸುಗಮ.