ಕುಂಬಾರ ಕಪ್ಪೆ

ಶರಾವತಿಯು ಹೊನ್ನಾವರದ ಬಳಿ ಕಡಲನ್ನು ಕೂಡುವ ಮುನ್ನ ತನ್ನ ಅಳಿವೆಯಲ್ಲಿ ಹಲವು ನಡುಗಡ್ಡೆಗಳನ್ನು ನಿರ್ಮಿಸಿದೆ. ಅವುಗಳಲ್ಲೊಂದು ಮಾವಿನಕುರ್ವೆ. ಕುರ್ವೆಯೆಂದರೆ ನೀರಿನ ನಡುವಿನ ನೆಲವೇ ಆದ್ದರಿಂದ ಆ ಹೆಸರಿಗೆ ಬೇರೆ ವಿವರಣೆ ಬೇಕಿಲ್ಲ. ಇದನ್ನು ಬಳಸಿ ಹರಿಯುವ ನೀರು ಘಟ್ಟದ ಅಸಂಖ್ಯ ಹಳ್ಳಗಳಿಂದ ಬಂದುದು. ಆ ಹಳ್ಳಗಳ ಪೈಕಿ ಕೆಲವು ಹೊನ್ನಾವರ-ಜೋಗ ಹೆದ್ದಾರಿಯ ಮಗ್ಗುಲಿನ, ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹರಿಯುತ್ತವೆ. ಹೆಬ್ಬೆರಳಿನಷ್ಟು ಗಾತ್ರದ ಜೀವಿಯೊಂದು ಅಲ್ಲಿ ಮಣ್ಣಿನ ಕಾಯಕದಲ್ಲಿ ತೊಡಗಿರುವುದು ೨೦೧೪ರಲ್ಲಿ ವಿದ್ವಲ್ಲೋಕಕ್ಕೆ ತಿಳಿದುಬಂದಿತು.

ಕೆ. ವಿ. ಗುರುರಾಜ, ಕೆ. ಪಿ. ದಿನೇಶ್, ಎಚ್. ಪ್ರೀತಿ ಹಾಗೂ ಜಿ. ರವಿಕಾಂತ್ ಅವರು ಆ ವರ್ಷ 'ಜೂಟ್ಯಾಕ್ಸ' ಎಂಬ ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿವರಿಸಿ ಅದಕ್ಕೆ 'ನಿಕ್ಟಿಬ್ಯಾಟ್ರಕಸ್ ಕುಂಬಾರ' ಎಂದು ನಾಮಕರಣ ಮಾಡಿದರು. ಮೊದಲ ಪದ ಗ್ರೀಕ್ ಮೂಲದ್ದು. ಇರುಳುಗಪ್ಪೆ ಎಂಬುದು ಅದರ ಅರ್ಥ. ಈ ಕುಲದ ಕಪ್ಪೆಗಳು ಪಶ್ಚಿಮಘಟ್ಟಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಎರಡನೆಯದು ನಮ್ಮದೇ ಪದ, ಕುಂಭಕಾರ ಶಬ್ದದ ತದ್ಭವ. ಕಪ್ಪೆಗೆ 'ವರ್ಷಾಭೂ' ಎಂಬ ಸೊಗಸಾದ ಪರ್ಯಾಯನಾಮವನ್ನು ಅಮರಕೋಶವು ನೀಡಿದೆಯಾದರೂ ಕಪ್ಪೆಯನ್ನು ಕುಂಬಾರನೆಂದು ಕರೆದ ಕೋಶಕಾರರಿರಲಾರರು.

ಕತ್ತಲೆಕಾನು ಅನ್ವರ್ಥನಾಮವುಳ್ಳ ಕಾಡು. ನೆತ್ತಿಯ ಮೇಲಿನ ಸೂರ್ಯನ ಬೆಳಕೂ ಅಲ್ಲಿ ನೆಲಕ್ಕೆ ಚುಕ್ಕೆಚುಕ್ಕೆಯಾಗಿಯೇ ಬೀಳುತ್ತದೆ. ಅದರ ತಗ್ಗುಗಳಲ್ಲಿ ರಾಮಪತ್ರೆಯ ಬಳಗದ ಮರಗಳು ಬೆಳೆದ ಜೌಗುನೆಲಗಳುಂಟು. ರಾಮಪತ್ರೆ ಜಡ್ಡಿಯೆಂಬುದು ಅವುಗಳ ಹೆಸರು. ಸದಾ ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರು ದೊರೆಯದಾದ್ದರಿಂದ ಈ ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ನೆಲದಿಂದ ಮೇಲಕ್ಕೆತ್ತಿ ಗಾಳಿಯನ್ನು ಸೇವಿಸುತ್ತವೆ. ಜಡ್ಡಿಯು ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿಯೂ ಹಳ್ಳಕ್ಕೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನೀರು ಬತ್ತದ, ನೆರಳು ಹರಿಯದ, ಅಡಿಯಲ್ಲಿ ನುಣ್ಣನೆಯ ಕೆಸರುಳ್ಳ ಇಂತಹ ತೊರೆಯೇ ಕುಂಬಾರನ ಕಾರ್ಯಾಗಾರ.

ಕಪ್ಪೆಯ ಮೊಟ್ಟೆಗೆ ಹಕ್ಕಿಯ ಮೊಟ್ಟೆಗಿರುವಂತಹ ಚಿಪ್ಪಿಲ್ಲ. ಲೋಳೆಯೊಂದೇ ಅದರ ಹೊದಿಕೆ. ನೀರಿನೊಳಗೆ ಇಟ್ಟರೆ ಮೀನು, ಏಡಿಗಳ ಬಾಯಿಗೆ ತುತ್ತಾಗುವ ಭಯ. ಮೇಲೆ ಇಟ್ಟರೆ ಒಣಗುವ ಭಯ. ಇರುಳುಗಪ್ಪೆಗಳಲ್ಲಿ ಹಲವು ಮೇಲಿನ ಎಡೆಯನ್ನೇ ಆರಿಸಿಕೊಂಡಿವೆ. ಅದೇ ಸೀಮೆಯ ಜೋಗದ ಇರುಳುಗಪ್ಪೆಯು ತೊರೆಯ ಮೇಲಕ್ಕೆ ಬಾಗಿದ ಎಲೆಗಳಲ್ಲಿ ಮೊಟ್ಟೆಯಿಡುತ್ತದೆಯೇ ಹೊರತು ಮಣ್ಣನ್ನು ಮುಟ್ಟುವುದಿಲ್ಲ. ಕುಂಬಾರ ಕಪ್ಪೆಯ ರೀತಿಯೇ ಬೇರೆ. ಮಳೆಗಾಲದ ರಾತ್ರಿಗಳಲ್ಲಿ ಗಂಡು ಆಳವಿಲ್ಲದ ನೀರಿನಲ್ಲಿ ಕುಳಿತು ಕೂಗುತ್ತದೆ. ಕೂಗನ್ನು ಕೇಳಿ ಬಂದ ಹೆಣ್ಣು ಮುಂಗಾಲುಗಳನ್ನೂರಿ, ದೊಂಬರ ಹುಡುಗನಂತೆ ತಲೆಕೆಳಗಾಗಿ ನಿಂತು, ನೀರಿನ ಮೇಲಿರುವ ಕಡ್ಡಿಗೋ ಬೇರಿಗೋ ಬಂಡೆಗೋ ಮೊಟ್ಟೆಗಳನ್ನು ಅಂಟಿಸುತ್ತದೆ. ಅಲ್ಲಿಗೆ ಅದರ ಪಾತ್ರ ಮುಗಿಯಿತು, ಅದು ಹೊರಟುಹೋಗುತ್ತದೆ. ಉಳಿದುದೆಲ್ಲ ತಂದೆಯ ಹೊಣೆ. ಗಂಡು ತೊರೆಯ ತಳದಿಂದ ಕೆಸರನ್ನು ಮುಂಗೈಗಳಲ್ಲಿ ಬಾಚಿಕೊಂಡು, ಹಿಂಗಾಲುಗಳ ಮೇಲೆ ಎದ್ದುನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಮೆತ್ತುತ್ತದೆ. ಚಕ್ರವಿಲ್ಲ, ಆವಿಗೆಯಿಲ್ಲ, ಕೈಯೇ ಸಕಲ ಸಾಧನ.

ಈ ಲೇಪನವು ಮೊಟ್ಟೆಗಳ ತೇವವನ್ನು ಕಾಯುವುದೆಂದೂ ಶತ್ರುಗಳ ಕಣ್ಣಿಗೆ ಅವು ಬೀಳದಂತೆ ಮರೆಮಾಡುವುದೆಂದೂ ಶೋಧಕರು ಊಹಿಸಿದ್ದಾರೆ. ಮೊಟ್ಟೆಯೊಡೆದ ಮರಿಗಳು ಕೆಳಗಿನ ನೀರಿಗೆ ಬಿದ್ದು ಗೊದಮೊಟ್ಟೆಗಳಾಗಿ ಬೆಳೆಯುತ್ತವೆ. ಬ್ರೆಜಿಲ್ ದೇಶದ ಕಮ್ಮಾರಗಪ್ಪೆಯೂ ಮಣ್ಣಿನ ಕೆಲಸ ಬಲ್ಲುದು. ಆದರೆ ಅದು ನೀರಿನಂಚಿನಲ್ಲಿ ಕೆಸರಿನ ಬೋಗುಣಿ ಕಟ್ಟಿ ಅದರೊಳಗೆ ಮೊಟ್ಟೆಗಳಿಗೆ ಎಡೆಮಾಡುತ್ತದೆ. ಮೊಟ್ಟೆಗಳಿಗೇ ಮಣ್ಣು ಬಳಿಯುವುದು ಅದರ ಪದ್ಧತಿಯಲ್ಲ.

ಇಷ್ಟು ಸೂಕ್ಷ್ಮವಾದ ಕಾಯಕಕ್ಕೆ ಒದಗಬಹುದಾದ ವಿಘ್ನಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಿಂದಿನಿಂದಲೂ ಎಷ್ಟೋ ಜಡ್ಡಿಗಳು ಗದ್ದೆಗಳಾಗಿ, ಅಡಿಕೆಯ ತೋಟಗಳಾಗಿ ಮಾರ್ಪಟ್ಟಿವೆ. ಹೊಟ್ಟೆಪಾಡಿಗಾಗಿ ನಡೆದ ಆ ಬದಲಾವಣೆಯನ್ನು ಈಗ ಜರೆದು ಫಲವಿಲ್ಲ. ಆದರೆ ಉಳಿದ ತೊರೆಗಳಿಗೂ ಪಂಪನ್ನು ಹೂಡಿದರೆ ನೀರು ಇಳಿದು ತಳದ ಕೆಸರು ಬಿರಿಯುತ್ತದೆ. ಅಂಚಿನ ಮರಗಳನ್ನು ಕಡಿದರೆ ಬಿಸಿಲು ನೇರವಾಗಿ ಮೊಟ್ಟೆಗಳ ಮೇಲೆ ಬೀಳುತ್ತದೆ.

ಇನ್ನೊಂದು ಸಂಗತಿ ಹೆಚ್ಚು ವಿಚಾರಾರ್ಹ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ರೂಢಿ. (ಕುಂಬಾರನಂತೆಯೇ ಕೊಳೆರೋಗವೂ ಶಾಸ್ತ್ರಗ್ರಂಥಗಳನ್ನು ಸೇರಿದ ಕನ್ನಡ ಪದ, ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಆ ರೋಗದ ಕುರಿತು ಬರೆದಾಗ ಅದೇ ಹೆಸರನ್ನು ಬಳಸಿದರು.) ಮೈಲುತುತ್ತದಲ್ಲಿರುವ ತಾಮ್ರವು ಶಿಲೀಂಧ್ರಕ್ಕೆ ಮಾರಕವಾದಂತೆ, ಪ್ರಮಾಣ ಮೀರಿದಲ್ಲಿ ಗೊದಮೊಟ್ಟೆಗಳಿಗೂ ವಿಷ. ಸಿಂಪಡಣೆಯ ಕಾಲವಾದರೋ ಮಳೆಗಾಲ. ಕಪ್ಪೆಗಳ ಸಂತಾನಕಾಲವೂ ಅದೇ. ಜಗತ್ತಿನ ಉಭಯಚರಗಳಲ್ಲಿ ನೂರಕ್ಕೆ ಸುಮಾರು ೪೧ ಪ್ರಭೇದಗಳು ವಿನಾಶದ ಅಂಚಿನಲ್ಲಿವೆಯೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿದೆ.

ಮದ್ದು ಹೊಡೆಯದೆ ಅಡಿಕೆ ಉಳಿಯದೆಂಬುದು ತೋಟಿಗರಿಗೆ ಅನುಭವಸಿದ್ಧ. ಆದರೂ ದ್ರಾವಣದ ಪೀಪಾಯಿಯನ್ನು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲದೆ ತೋಟದ ಮಣ್ಣಿಗೇ ಬಿಡುವುದರಿಂದ ಬೆಳೆಗೆ ಯಾವ ನಷ್ಟವೂ ಇಲ್ಲ. ಕೆಳಗಿನ ತೊರೆಯ ಕೆಸರಿನಲ್ಲಿ ಅದೇ ರಾತ್ರಿ ಒಂದು ಗಂಡುಕಪ್ಪೆ ಕೈಯಿಟ್ಟಿರುತ್ತದೆ.